ಒಬಾಮಾ ಕೆಲಸ ಕೊಟ್ಟರೋ, ಕಳೆದರೋ? ಲೆಕ್ಕ ಹಾಕುವುದು ಹೀಗೆ

ಅಮೆರಿಕದಲ್ಲಿ ಚುನಾವಣೆ ಬಂತೆಂದರೆ ಅಲ್ಲಿರುವ ನಮ್ಮವರ ವಾಟ್ಸ್‌ಆ್ಯಪ್ ಗುಂಪುಗಳಲ್ಲೂ ಇದೇ ಜಟಾಪಟಿ. ‘ನಮ್ಮ ಅಧ್ಯಕ್ಷರು ಇಷ್ಟು ಕೆಲಸ ಕೊಟ್ಟರು, ನಿಮ್ಮವರು ಅಷ್ಟು ಕಳೆದರು.’ ಎಷ್ಟೋ ಸಲ ಎರಡೂ ಕಡೆಯ ಅಂಕಿ ಸರಿಯಾಗಿಯೇ ಇರುತ್ತದೆ. ಎಡವಟ್ಟಾಗುವುದು ಎಣಿಕೆ ಶುರುಮಾಡುವ ತಿಂಗಳಲ್ಲಿ.

1. ಅಂಕಿ ತೆಗೆಯಿರಿ. ಅಮೆರಿಕದ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್‌ನ (ಫೆಡ್) ಸೇಂಟ್ ಲೂಯಿಸ್ ಶಾಖೆಯ ‘ಫ್ರೆಡ್’ ಜಾಲತಾಣದಲ್ಲಿ ಎಲ್ಲವೂ ಪುಕ್ಕಟೆ. ದಿನಾಂಕವೇ ಇಲ್ಲದ ಫಾರ್ವರ್ಡ್ ಚಾರ್ಟುಗಳನ್ನು ಮುಟ್ಟಲೇಬೇಡಿ.

2. ಶುರುವಿನ ತಿಂಗಳು ಗೊತ್ತುಮಾಡಿ. ಎಲ್ಲರೂ ಜಾರುವುದು ಇಲ್ಲೇ. ಹೊಸ ಅಧ್ಯಕ್ಷರ ಪ್ರಮಾಣವಚನ ಜನವರಿ 20ಕ್ಕೆ. ಆದರೆ ಕಾರ್ಮಿಕ ಅಂಕಿಅಂಶ ಬ್ಯೂರೊ ಉದ್ಯೋಗ ಎಣಿಸುವುದು 12ನೇ ತಾರೀಕು ಸೇರಿರುವ ಸಂಬಳದ ಅವಧಿಯಲ್ಲಿ. ಅಂದರೆ ಜನವರಿಯ ಅಂಕಿ ಹೆಚ್ಚುಕಮ್ಮಿ ಹಳಬರದ್ದೇ. ಅದು ಫೆಬ್ರವರಿಯಲ್ಲಿ ಪ್ರಕಟವಾಗುವಾಗ ಮಾತ್ರ ಕುರ್ಚಿಯಲ್ಲಿ ಹೊಸಬರು. ಬೈಗುಳ ಅವರಿಗೆ!

ಬುಷ್ ಹೋಗಿ ಒಬಾಮಾ ಬಂದ 2009ನ್ನೇ ನೋಡಿ. ಆರ್ಥಿಕ ಹಿಂಜರಿತ ಶುರುವಾದದ್ದು 2007ರ ಡಿಸೆಂಬರ್‌ನಲ್ಲಿ, ಬುಷ್ ಕಾಲದಲ್ಲಿ. ಮುಗಿದದ್ದು 2009ರ ಜೂನ್‌ನಲ್ಲಿ. ಆದರೆ ಉದ್ಯೋಗ ತಳ ಮುಟ್ಟಿದ್ದು 2010ರ ಫೆಬ್ರವರಿಯಲ್ಲಿ. ಹಾಗಾಗಿ 2012ರ ಚುನಾವಣೆ ಹೊತ್ತಿಗೆ ಒಬಾಮಾ ಲೆಕ್ಕ ಎರಡು ಥರ ಬರುತ್ತಿತ್ತು. 2009ರ ಜನವರಿಯಿಂದ ಎಣಿಸಿದರೆ ಹೆಚ್ಚುಕಮ್ಮಿ ಸೊನ್ನೆ. ತಳದಿಂದ ಎಣಿಸಿದರೆ 40 ಲಕ್ಷಕ್ಕೂ ಜಾಸ್ತಿ ಕೆಲಸ. ಎರಡೂ ನಿಜವೇ, ಅಲ್ವಾ?

ನನ್ನ ಪ್ರಕಾರ ಜನವರಿಯಿಂದಲೇ ಎಣಿಸಿ, ಎಲ್ಲರಿಗೂ. ‘ನೀತಿ ಫಲ ಕೊಡಲು ಸಮಯ ಬೇಕು, ಮೊದಲ ವರ್ಷ ಬಿಡೋಣ’ ಅನ್ನುವವರಿದ್ದಾರೆ. ಬಿಡಿ, ಆದರೆ ಟ್ರಂಪ್‌ಗೂ ಬೈಡನ್‌ಗೂ ಅದೇ ರಿಯಾಯಿತಿ. ಆಗ 2017 ಒಬಾಮಾ ಖಾತೆಗೆ ಹೋಗುತ್ತದೆ, 2021ರ ಚೇತರಿಕೆ ಟ್ರಂಪ್ ಖಾತೆಗೆ. ಇಷ್ಟು ಹೇಳಿ ನೋಡಿ, ಎರಡೂ ಪಕ್ಷದವರು ಆ ನಿಯಮವೇ ಬೇಡ ಅನ್ನುತ್ತಾರೆ.

3. ಫೆಡರಲ್ ರಿಸರ್ವ್ ಪಾಲನ್ನು ಬೇರೆ ಇಡಿ. ಬಡ್ಡಿದರ ಅಧ್ಯಕ್ಷರ ಕೈಯಲ್ಲಿಲ್ಲ. ಪಾಲ್ ವೋಲ್ಕರ್ ಅವರನ್ನು 1979ರಲ್ಲಿ ಫೆಡ್ ಮುಖ್ಯಸ್ಥರಾಗಿ ನೇಮಿಸಿದ್ದು ಆಗಿನ ಅಧ್ಯಕ್ಷ ಕಾರ್ಟರ್. ವೋಲ್ಕರ್ ಬೆಲೆಯೇರಿಕೆ ಬಗ್ಗಿಸಲು ಬಡ್ಡಿಯನ್ನು ಶೇ 20ರ ಹತ್ತಿರ ಒಯ್ದರು. 1980ರ ಚುನಾವಣೆಯಲ್ಲಿ ಕಾರ್ಟರ್ ರೇಗನ್ ಎದುರು ಸೋತರು. 1982ರ ಕೊನೆಗೆ ನಿರುದ್ಯೋಗ ಶೇ 10.8 ಆಯಿತು, ರೇಗನ್ ಬೈಸಿಕೊಂಡರು. ಬೆಲೆ ಹತೋಟಿಗೆ ಬಂದು 1984ರಲ್ಲಿ ಭರ್ಜರಿಯಾಗಿ ಗೆದ್ದವರೂ ಅವರೇ.

4. ‘ಜನರಿಗೆ ಏನನ್ನಿಸುತ್ತಿದೆ’ ಎಂಬ ಸಮೀಕ್ಷೆ ಸಾಕ್ಷಿಗೆ ಬೇಡ. 2016ರ ನವೆಂಬರ್ ಫಲಿತಾಂಶ ಬಂದದ್ದೇ ತಡ, ಗೆದ್ದ ಟ್ರಂಪ್ ಪಕ್ಷದ ರಿಪಬ್ಲಿಕನ್ನರಿಗೆ ಆರ್ಥಿಕತೆ ಚೆನ್ನಾಗಿ ಕಾಣತೊಡಗಿತು. ಕುರ್ಚಿಯಲ್ಲಿ ಆಗಿನ್ನೂ ಒಬಾಮಾ ಇದ್ದರು.

5. ಸರ್ಕಾರದ ಬಜೆಟ್ ಕೊರತೆಯ ಲೆಕ್ಕಕ್ಕೆ ತಾರೀಕು ಬೇರೆ. ಅಲ್ಲಿನ ಹಣಕಾಸು ವರ್ಷ ಶುರುವಾಗುವುದು ಅಕ್ಟೋಬರ್ 1ಕ್ಕೆ. 2009ರ ಹಣಕಾಸು ವರ್ಷದ ಸುಮಾರು 1.4 ಲಕ್ಷ ಕೋಟಿ ಡಾಲರ್ ಕೊರತೆ ಬುಷ್ ಕಾಲದಲ್ಲಿ ಆರಂಭವಾದ ವರ್ಷದ್ದು. ಹಾಗಂತ ಪೂರ್ತಿ ಬುಷ್ ತಲೆಗೆ ಕಟ್ಟಬೇಡಿ. ಒಬಾಮಾ ಆ ಫೆಬ್ರವರಿಯಲ್ಲಿ ಸಹಿ ಹಾಕಿದ ಉತ್ತೇಜನ ಪ್ಯಾಕೇಜಿನ ಮೊದಲ ಖರ್ಚೂ ಅದರಲ್ಲೇ ಇದೆ.