ಓಟಿಜಿ ವಿಪರೀತ ಬಿಸಿಯಾಗ್ತಿದೆಯಾ? ಬಿಚ್ಚುವ ಮೊದಲು ಅಳೆದು ನೋಡಿ

ಕೇಕ್ ಮೇಲೆಲ್ಲ ಕರ್ರಗಾಗಿದೆ, ಕಡ್ಡಿ ಚುಚ್ಚಿದರೆ ಒಳಗೆ ಇನ್ನೂ ಹಸಿ ಹಿಟ್ಟು. ಎರಡು ಸಲ ಹೀಗಾದರೆ ಸಾಕು, ಓವನ್ ಕೆಟ್ಟಿತು ಅಂತ ತೀರ್ಮಾನ ಆಗಿಬಿಡುತ್ತದೆ. ಕೆಟ್ಟಿರಲೂಬಹುದು. ಆದರೆ ಎಷ್ಟೋ ಸಲ ಓವನ್ ಸರಿಯಾಗೇ ಇರುತ್ತದೆ, ಅದರ ನಾಬ್ ಮೇಲಿನ ನಂಬರ್ ಮಾತ್ರ ಸುಳ್ಳು.

ಮೊದಲೇ ಒಂದು ಎಚ್ಚರಿಕೆ. ಇಲ್ಲಿ ಹೇಳುವುದೆಲ್ಲ ಕಾಯುವ ರಾಡ್ ಇರುವ ಓಟಿಜಿ, ಅಂದರೆ ಓವನ್-ಟೋಸ್ಟರ್-ಗ್ರಿಲ್ ಬಗ್ಗೆ. ನಿಮ್ಮದು ಮೈಕ್ರೋವೇವ್ ಆಗಿದ್ದರೆ, ಕನ್ವೆಕ್ಷನ್ ಇರುವಂಥದ್ದಾದರೂ ಸರಿ, ಅದನ್ನು ಮನೆಯಲ್ಲಿ ಬಿಚ್ಚಲೇಬೇಡಿ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್‌ನಲ್ಲಿ ಜೀವ ತೆಗೆಯುವಷ್ಟು ಕರೆಂಟ್ ಉಳಿದಿರಬಹುದು.

ಸ್ಕ್ರೂಡ್ರೈವರ್ ಹುಡುಕುವ ಮೊದಲು ಸುಮ್ನೆ ಕೆಲವು ನೋಡಿಕೊಳ್ಳಿ. ಮೇಲಿನ ರಾಡ್, ಕೆಳಗಿನ ರಾಡ್ ಆಯ್ಕೆ ಮಾಡುವ ನಾಬ್ ಎಲ್ಲಿದೆ? ಕೇಕ್ ಇಟ್ಟು ಗ್ರಿಲ್ ಮೋಡ್‌ನಲ್ಲಿ ಬಿಟ್ಟರೆ ಮೇಲ್ಭಾಗ ಸೀಯದೆ ಇನ್ನೇನಾಗುತ್ತದೆ? ಸಣ್ಣ ಓಟಿಜಿಯಲ್ಲಿ ಟಿನ್ ಅನ್ನು ಮಧ್ಯದ ಹಂತದಲ್ಲಿಟ್ಟರೂ ಕೇಕ್ ಉಬ್ಬಿದಾಗ ಮೇಲಿನ ರಾಡ್‌ಗೆ ತೀರಾ ಹತ್ತಿರ ಹೋಗುತ್ತದೆ, ಹಾಗಾಗಿ ಒಂದು ಹಂತ ಕೆಳಗಿಡಿ. ತಳದ ಟ್ರೇಗೆ ಅಲ್ಯೂಮಿನಿಯಂ ಫಾಯಿಲ್ ಹೊದಿಸಿದ್ದರೆ ತೆಗೆಯಿರಿ, ಅದು ಕೆಳಗಿನ ರಾಡ್‌ನ ಬಿಸಿಯನ್ನು ಅಲ್ಲೇ ತಿರುಗಿಸಿ ಕಳಿಸುತ್ತದೆ. ಇನ್ನು ಹೊರಗಿನ ಬಾಡಿ ಮುಟ್ಟಲಾಗದಷ್ಟು ಸುಡುವುದು ಓಟಿಜಿಯಲ್ಲಿ ಮಾಮೂಲು, ಅದು ಕೆಟ್ಟಿರುವ ಲಕ್ಷಣ ಅಲ್ಲ.

ವೋಲ್ಟೇಜ್ ಕೂಡ ಒಂದು ವಿಷಯ. 230ರ ಬದಲು 250 ವೋಲ್ಟ್ ಬರುತ್ತಿದ್ದರೆ ರಾಡ್ ಸುಮಾರು ಶೇ. 18ರಷ್ಟು ಜಾಸ್ತಿ ಶಾಖ ಕೊಡುತ್ತದೆ. ಬಿಸಿ ನೋಡಿ ರಾಡ್ ಹತ್ತಿಸಿ ಆರಿಸುವ ಥರ್ಮೋಸ್ಟಾಟ್ ಬೇಗ ಆಫ್ ಮಾಡಿ ಸರಿದೂಗಿಸುತ್ತದೆ ನಿಜ, ಆದರೂ ರಾಡ್ ಉರಿಯುವಷ್ಟು ಹೊತ್ತು ಮೇಲ್ಭಾಗ ಬೇಗ ಕೆಂಪಾಗುತ್ತದೆ.

ಈಗ ಅಳತೆ. ಕಂಬಿ ಮೇಲೆ ನಿಲ್ಲಿಸುವ ಓವನ್ ಥರ್ಮಾಮೀಟರ್ ಒಂದನ್ನು ತಂದುಬಿಡಿ, ಬೇಕಿಂಗ್ ಸಾಮಾನು ಮಾರುವ ಅಂಗಡಿಗಳಲ್ಲಿ ಸಿಗುತ್ತದೆ. ಅದನ್ನು ನಡುವಿನಲ್ಲಿಟ್ಟು, ನಾಬ್ 180 ಡಿಗ್ರಿಗೆ ಹಾಕಿ, ಅರ್ಧ ಗಂಟೆ ಬಾಗಿಲು ತೆಗೆಯದೆ ಗಾಜಿನಿಂದಲೇ ನೋಡಿ. ಮೊದಲ ಸಲ ಮುಳ್ಳು ಸಾಕಷ್ಟು ಮೇಲೆ ಹೋಗಿ ಇಳಿಯುತ್ತದೆ, ಅದನ್ನು ಲೆಕ್ಕಕ್ಕೆ ತಗೋಬೇಡಿ. ಆಮೇಲೆ ರಾಡ್ ಆರಿದಾಗ ಎಷ್ಟು, ಮತ್ತೆ ಹತ್ತಿದಾಗ ಎಷ್ಟು ಅಂತ ನಾಲ್ಕೈದು ಸಲ ಬರೆದುಕೊಂಡು ಸರಾಸರಿ ತೆಗೆಯಿರಿ. ಹತ್ತು ಹದಿನೈದು ಡಿಗ್ರಿ ಆಚೆ ಈಚೆ ಆಡುವುದು ಸಹಜ.

ಥರ್ಮಾಮೀಟರ್ ಇಲ್ವಾ? ಸಕ್ಕರೆ ಇದೆಯಲ್ಲ. ಸಕ್ಕರೆ ಸುಮಾರು 186 ಡಿಗ್ರಿಯಲ್ಲಿ ಕರಗುತ್ತದೆ. ಒಂದು ಚಮಚ ಸಕ್ಕರೆಯನ್ನು ಸಣ್ಣ ಸ್ಟೀಲ್ ತಟ್ಟೆಯಲ್ಲಿ ಹಾಕಿ, ಚೆನ್ನಾಗಿ ಕಾದ ಓವನ್ನಿನಲ್ಲಿ 175ಕ್ಕೆ ಹದಿನೈದು ನಿಮಿಷ ಇಡಿ. ಕರಗಿ ಪಾಕವಾದರೆ ಓವನ್ ನಂಬರ್‌ಗಿಂತ ಜಾಸ್ತಿ ಬಿಸಿಯಾಗುತ್ತಿದೆ ಅಂತಲೇ ಅರ್ಥ.

ಪ್ರತಿ ಸಲ 20-25 ಡಿಗ್ರಿ ಜಾಸ್ತಿ ಬರುತ್ತಿದ್ದರೆ ರಿಪೇರಿ ಬೇಡ. ನಿಜವಾದ 180 ಎಲ್ಲಿ ಬರುತ್ತದೋ ಅಲ್ಲಿ ನಾಬ್ ಪಕ್ಕ ನೇಲ್ ಪಾಲಿಶ್ ಚುಕ್ಕೆ ಇಟ್ಟು ಮುಂದುವರಿಯಿರಿ. ಇಷ್ಟಕ್ಕೇ ಹೊಸ ಓವನ್ ತರುವುದು ನನ್ನ ಪ್ರಕಾರ ದುಡ್ಡು ದಂಡ.

ಬಿಸಿ ನಿಲ್ಲದೆ ಏರುತ್ತಲೇ ಹೋದರೆ ಮಾತ್ರ ಕಥೆ ಬೇರೆ. ಓವನ್ ಕಾದಿರುವಾಗ, ಟೈಮರ್ ಓಡುತ್ತಿರುವಾಗಲೇ, ನಾಬ್ ಅನ್ನು ನಿಧಾನಕ್ಕೆ ಕನಿಷ್ಠಕ್ಕೆ ತಿರುಗಿಸಿ. ಎಲ್ಲೋ ಒಂದು ಕಡೆ ಟಕ್ ಅಂತ ಸದ್ದಾಗಿ ರಾಡ್ ಆರಬೇಕು. ಆರದಿದ್ದರೆ ಥರ್ಮೋಸ್ಟಾಟ್ ಮೇಲೆಯೇ ಅನುಮಾನ. ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಪೂರ್ತಿ ತಣ್ಣಗಾಗಲು ಬಿಡಿ. ಇನ್ನು ಬಿಸಿ ಸರಿಯಾಗಿದ್ದು, ಸಮಯ ಮುಗಿದರೂ ಆಫ್ ಆಗುತ್ತಿಲ್ಲ ಅಂದರೆ ಅದು ಟೈಮರ್ ತಕರಾರು.

ಪಕ್ಕದ ಕವರ್ ಬಿಚ್ಚಿದರೆ ನಾಬ್ ಹಿಂದೆ ಥರ್ಮೋಸ್ಟಾಟ್ ಕಾಣುತ್ತದೆ. ವೈರ್ ಕೀಳುವ ಮೊದಲು ಮೊಬೈಲ್‌ನಲ್ಲಿ ಎರಡು ಫೋಟೊ ತೆಗೆದಿಡಿ. ಕೆಲವು ಓವನ್‌ಗಳಲ್ಲಿ ಥರ್ಮೋಸ್ಟಾಟ್‌ನಿಂದ ಕೂದಲೆಳೆಯಂಥ ತಾಮ್ರದ ಕೊಳವೆ ಹೊರಟು, ಅದರ ತುದಿಯ ಪೆನ್ಸಿಲ್ ದಪ್ಪದ ಬಲ್ಬ್ (ದೀಪವಲ್ಲ, ಬಿಸಿ ಗುರುತಿಸುವ ಲೋಹದ ತುದಿ) ಓವನ್ ಒಳಗೆ ಕ್ಲಿಪ್‌ನಲ್ಲಿ ಕೂತಿರುತ್ತದೆ. ಆ ಬಲ್ಬ್ ಕ್ಲಿಪ್‌ನಿಂದ ಜಾರಿ ಹೊರಗೆ ಬಂದಿದ್ದರೆ ಅದಕ್ಕೆ ಒಳಗಿನ ಬಿಸಿ ಗೊತ್ತೇ ಆಗುವುದಿಲ್ಲ, ರಾಡ್ ಉರಿಯುತ್ತಲೇ ಇರುತ್ತದೆ. ಕೊಳವೆ ಮುರಿಯದಂತೆ ವಾಪಸ್ ಕೂರಿಸಿ, ಖರ್ಚಿಲ್ಲದೆ ಕೆಲಸ ಮುಗಿಯಿತು.

ಬಲ್ಬ್ ಜಾಗದಲ್ಲೇ ಇದ್ದರೆ ಎರಡೂ ವೈರ್ ಕಿತ್ತು, ಥರ್ಮೋಸ್ಟಾಟ್ ಬಿಡಿಸಿಕೊಂಡು ಮಲ್ಟಿಮೀಟರ್ ಅನ್ನು ಕಂಟಿನ್ಯುಟಿಗೆ (ಕರೆಂಟ್ ಹರಿಯುವ ದಾರಿ ಇದ್ದರೆ ಕೂಗುವ ಸೆಟ್ಟಿಂಗ್) ಹಾಕಿ ಪರೀಕ್ಷೆ ಮಾಡಿ. ನಾಬ್ 60-70ಕ್ಕೆ ಇಟ್ಟಾಗ ಮೀಟರ್ ಕೂಗಬೇಕು. ಈಗ ಬಲ್ಬ್ ಅನ್ನು ಮಾತ್ರ ಕುದಿಯುವ ನೀರಿಗೆ ಇಳಿಸಿ. ಬೆಂಗಳೂರಿನ ಎತ್ತರಕ್ಕೆ ನೀರು 97 ಡಿಗ್ರಿ ಹತ್ತಿರವೇ ಕುದಿಯುತ್ತದೆ, ಈ ಪರೀಕ್ಷೆಗೆ ಅಷ್ಟು ಧಾರಾಳ. ಸ್ವಲ್ಪ ಹೊತ್ತಿಗೆ ಟಕ್ ಅಂದು ಮೀಟರ್ ಸುಮ್ಮನಾಗಬೇಕು. ಆಗದಿದ್ದರೆ ಒಳಗಿನ ದ್ರವ ಸೋರಿಹೋಗಿದೆ, ಇಲ್ಲವೇ ಕರೆಂಟ್ ಕೂಡಿಸಿ ಬಿಡಿಸುವ ಪಾಯಿಂಟ್‌ಗಳು ಸುಟ್ಟು ಅಂಟಿಕೊಂಡಿವೆ. ಎರಡಕ್ಕೂ ಹೊಸದು ಹಾಕುವುದೇ ದಾರಿ. ಕೊಳವೆ ಇಲ್ಲದ, ಲೋಹದ ಪಟ್ಟಿಯ ಥರ್ಮೋಸ್ಟಾಟ್ ಆಗಿದ್ದರೆ ಈ ನೀರಿನ ಪರೀಕ್ಷೆ ನಡೆಯುವುದಿಲ್ಲ, ಪಾಯಿಂಟ್ ಅಂಟಿದ್ದರೆ ಸೀದಾ ಬದಲಿಸಿ. ಅದರಲ್ಲಿ ಪೇಂಟ್ ಹಚ್ಚಿ ಮುಚ್ಚಿದ ಸ್ಕ್ರೂ ಇದ್ದರೆ ಕೈ ಹಾಕಬೇಡಿ.

ಅಂಗಡಿಗೆ ಹೋಗುವಾಗ ಹಳೆಯದನ್ನು ಜೊತೆಗೇ ಒಯ್ಯಿರಿ. ಡಿಗ್ರಿ ವ್ಯಾಪ್ತಿ, ಆಂಪಿಯರ್, ನಾಬ್ ಕೂರುವ ಕಡ್ಡಿಯ ಉದ್ದ, ಕೊಳವೆಯ ಉದ್ದ, ಎಲ್ಲ ಹೊಂದಬೇಕು. ವೈರ್ ಜೋಡಿಸುವಾಗ ಬೆಸುಗೆ ಹಾಕಬೇಡಿ, ಮಾಮೂಲಿ ಬೆಸುಗೆ ಸುಮಾರು 183 ಡಿಗ್ರಿಗೇ ಕರಗಲು ಶುರುವಾಗುತ್ತದೆ. ಲಗ್, ಅಂದರೆ ವೈರ್ ತುದಿಗೆ ಹಾಕುವ ಲೋಹದ ಕೊಂಡಿ, ಒತ್ತಿಯೇ ಕೂರಿಸಿ. ವೈರ್ ಬದಲಿಸಬೇಕಾದರೆ ಶಾಖ ತಡೆಯುವ ಸಿಲಿಕೋನ್ ಅಥವಾ ಫೈಬರ್‌ಗ್ಲಾಸ್ ಹೊದಿಕೆಯದ್ದೇ ಇರಲಿ. ಇನ್ಸುಲೇಶನ್ ಟೇಪ್ ಅಂತೂ ಬೇಡವೇ ಬೇಡ. ಅರ್ಥ್ ವೈರ್ ಬಾಡಿಗೆ ಮೊದಲಿನಂತೆಯೇ ಬಿಗಿಯಾಗಿ ಕೂರಲಿ.

ಎಲ್ಲ ಮುಚ್ಚಿದ ಮೇಲೆ 16 ಆಂಪಿಯರ್ ಸಾಕೆಟ್‌ಗೇ ಹಾಕಿ, ಎಕ್ಸ್‌ಟೆನ್ಶನ್ ಬಾಕ್ಸ್‌ಗೆ ಅಲ್ಲ. ಖಾಲಿ ಓವನ್‌ನಲ್ಲಿ ಥರ್ಮಾಮೀಟರ್ ಇಟ್ಟು ಮತ್ತೆ 180ರ ಪರೀಕ್ಷೆ ಮಾಡಿ, ಪಕ್ಕದಲ್ಲೇ ನಿಂತು ನೋಡಿ. ಹಾಕಿದ ಕೂಡಲೇ ಟ್ರಿಪ್ ಆದರೆ ಮತ್ತೆ ಮತ್ತೆ ಸ್ವಿಚ್ ಎತ್ತಬೇಡಿ. ಎಲ್ಲೋ ವೈರ್ ಬಾಡಿಗೆ ತಾಗುತ್ತಿದೆ ಅಥವಾ ರಾಡ್ ಒಳಗೆ ಲೀಕ್ ಇದೆ, ಅದನ್ನು ಎಲೆಕ್ಟ್ರಿಷಿಯನ್‌ಗೆ ತೋರಿಸಿ.