ಲ್ಯಾಪ್‌ಟಾಪಿಗೆ ಎಸ್‌ಎಸ್‌ಡಿ ಕೊಳ್ಳುವ ಮುನ್ನ

ಬೆಳಗಾವಿಯ ಕಂಪ್ಯೂಟರ್ ಅಂಗಡಿಗೆ ಹೋಗುವ ಮೊದಲು ಲ್ಯಾಪ್‌ಟಾಪಿನ ಮಾದರಿ ಸಂಖ್ಯೆಯನ್ನು ಬರೆದುಕೊಂಡು, ಅದಕ್ಕೆ ಯಾವ ಬಗೆಯ ಎಸ್‌ಎಸ್‌ಡಿ (ಹಾರ್ಡ್ ಡಿಸ್ಕಿನ ಬದಲು ಬಳಸುವ, ವೇಗದ ಸಂಗ್ರಹ ಸಾಧನ) ಹೊಂದುತ್ತದೆ ಎಂಬುದನ್ನು ತಯಾರಕರ ಕೈಪಿಡಿಯಲ್ಲಿ ನೋಡಿಕೊಳ್ಳಬೇಕು. ಹಳೆಯ ಲ್ಯಾಪ್‌ಟಾಪುಗಳಿಗೆ ಸಾಮಾನ್ಯವಾಗಿ 2.5 ಇಂಚಿನ ಸಾಟಾ (ಡ್ರೈವನ್ನು ಜೋಡಿಸುವ ಹಳೆಯ ಬಗೆ) ಡ್ರೈವ್ ಬೇಕಾಗುತ್ತದೆ. ಅದರ ವೇಗ ಸೆಕೆಂಡಿಗೆ ಸುಮಾರು 550 ಎಂಬಿಯನ್ನು ದಾಟುವುದಿಲ್ಲವಾದರೂ, ಹಾರ್ಡ್ ಡಿಸ್ಕ್ ಬಳಸಿದವರಿಗೆ ಅದೇ ದೊಡ್ಡ ಬದಲಾವಣೆ.

ಎಂ.2 ಜಾಗ, ಅಂದರೆ ತೆಳ್ಳನೆಯ ಪಟ್ಟಿಯಂಥ ಎಸ್‌ಎಸ್‌ಡಿ ಕೂರಿಸುವ ಕಿಂಡಿ, ಇದ್ದರೆ ಹೆಚ್ಚು ಎಚ್ಚರ ಬೇಕು. ಚಿನ್ನದ ಬಣ್ಣದ ಅಂಚಿನಲ್ಲಿ ಒಂದೇ ಕಚ್ಚು (ಕತ್ತರಿಸಿದಂಥ ಸಣ್ಣ ಸೀಳು) ಇರುವ ಪಟ್ಟಿ ಹೆಚ್ಚಾಗಿ ಎನ್‌ವಿಎಂಇ (ಸಾಟಾಕ್ಕಿಂತ ವೇಗದ ಬಗೆ), ಎರಡು ಕಚ್ಚು ಇರುವುದು ಹೆಚ್ಚಾಗಿ ಸಾಟಾ. ಆದರೆ ಕಚ್ಚು ಕೂಡಿದ ಮಾತ್ರಕ್ಕೆ ಡ್ರೈವ್ ಕೆಲಸ ಮಾಡುತ್ತದೆಂದು ನಂಬಬಾರದು, ಏಕೆಂದರೆ ಕೆಲವು ಲ್ಯಾಪ್‌ಟಾಪುಗಳ ಎಂ.2 ಜಾಗ ಸಾಟಾವನ್ನು ಮಾತ್ರ ಗುರುತಿಸುತ್ತದೆ. ಪಟ್ಟಿಯ ಅಳತೆ 2280 ಎಂದಿದ್ದರೆ 22 ಮಿ.ಮೀ. ಅಗಲ, 80 ಮಿ.ಮೀ. ಉದ್ದ ಎಂದರ್ಥ.

ಬೆಲೆ ಕೇಳುವಾಗ ವಾರಂಟಿ ಎಷ್ಟು ವರ್ಷ ಎಂಬುದನ್ನೂ ಕೇಳಿ, ಜಿಎಸ್‌ಟಿ ಬಿಲ್ಲನ್ನು ತಪ್ಪದೇ ಪಡೆಯಿರಿ.