ಬೇಸ್ ಗಿಟಾರ್‌ಗೆ ಫ್ಲಾಟ್‌ವೌಂಡ್ ಹಾಕೋದಾ, ರೌಂಡ್‌ವೌಂಡ್ ಹಾಕೋದಾ?

ಹೊಸ ತಂತಿ ಸೆಟ್ ತಗೊಳೋಕೆ ಮುಂಚೆ ಒಂದು ಯೋಚ್ನೆ ಮಾಡಿ, ಹಾಕಿದ ದಿನ ಚೆನ್ನಾಗಿ ಕೇಳಿಸಿದ್ರೆ ಸಾಕಾ, ಇಲ್ಲಾ ಆರು ತಿಂಗಳಾದ್ಮೇಲೂ ಅದೇ ಟೋನ್ ಬೇಕಾ? ನನ್ನ ಪ್ರಕಾರ ಈ ಎರಡು ಥರದ ತಂತಿಗೂ ಇರೋ ದೊಡ್ಡ ವ್ಯತ್ಯಾಸ ಇಲ್ಲೇ ಇರೋದು.

ಎರಡರ ಒಳಗೂ ಸ್ಟೀಲ್ ಕೋರ್ ಇರುತ್ತೆ. ರೌಂಡ್‌ವೌಂಡ್‌ನಲ್ಲಿ ಅದರ ಮೇಲೆ ಗುಂಡಗಿರೋ ತಂತಿ ಸುತ್ತಿರ್ತಾರೆ, ಬೆರಳು ಎಳೆದ್ರೆ ತರಿತರಿ, ಸರ್ರ್ ಅಂತ ಸದ್ದೂ ಬರುತ್ತೆ. ಫ್ಲಾಟ್‌ನಲ್ಲಿ ಪಟ್ಟಿ ಥರ ಚಪ್ಪಟೆ ತಂತಿ, ಕೈಗೆ ನುಣ್ಣಗೆ. ಹೊಸ ರೌಂಡ್ ಪಿಯಾನೋ ಥರ ಝಣ್ ಅನ್ನುತ್ತೆ, ಆದ್ರೆ ಆ ಸುತ್ತುಗಳ ಸಂದಿಯಲ್ಲಿ ಬೆವರು, ಕೊಳೆ ಸೇರ್ತಾ ಸೇರ್ತಾ ಹೊಳಪು ಹೋಗುತ್ತೆ, ದಿನಾ ನುಡಿಸೋರಿಗೆ ಕೆಲವೇ ವಾರದಲ್ಲಿ ಗೊತ್ತಾಗುತ್ತೆ. ಫ್ಲಾಟ್‌ನಲ್ಲಿ ಕೊಳೆ ಕೂರೋಕೆ ಜಾಗಾನೇ ಕಮ್ಮಿ, ಮೊದಲು ಸ್ವಲ್ಪ ಲೋಹದ ಸದ್ದು ಇದ್ದು ಆಮೇಲೆ ಒಂದು ಕಡೆ ನೆಲೆ ನಿಂತ್ರೆ ವರ್ಷಗಟ್ಟಲೆ ಹಾಗೇ ಇರುತ್ತೆ. ಸೋಲ್ ಹಾಡುಗಳ ಮೋಟೌನ್ ಕಂಪನಿಯ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ತಮ್ಮ 1962ರ ಫೆಂಡರ್ ಪ್ರಿಸಿಶನ್ ಬೇಸ್ ಮೇಲೆ ಲಾ ಬೆಲ್ಲಾ ಕಂಪನಿಯ ದಪ್ಪ ಫ್ಲಾಟ್ ಹಾಕಿ, ತಂತಿ ಕಿತ್ತು ಹೋಗೋ ತನಕ ಬದಲಾಯಿಸ್ತಾನೇ ಇರ್ಲಿಲ್ಲ, ಆ ಗುಮ್ ಅನ್ನೋ ತೂಕ ಬಂದಿದ್ದರಲ್ಲಿ ಹಳೇ ತಂತಿಯ ಪಾಲು ದೊಡ್ಡದು.

ರೌಂಡ್ ಯಾರಿಗೆ? ಸ್ಲ್ಯಾಪ್ ಮಾಡೋರಿಗೆ (ಹೆಬ್ಬೆರಳಲ್ಲಿ ತಂತಿಗೆ ಬಡಿದು ನುಡಿಸೋರಿಗೆ), ಡಿಸ್ಟಾರ್ಶನ್ ಹಾಕೋರಿಗೆ, ಜೋರಾಗಿರೋ ಗಿಟಾರ್‌ಗಳ ಮಧ್ಯೆ ಪ್ರತಿ ನೋಟ್‌ನ ಅಂಚು ಕೇಳಿಸ್ಬೇಕು ಅನ್ನೋರಿಗೆ. 1966ರಲ್ಲಿ ತಂತಿ ಮಾಡೋ ರೋಟೋಸೌಂಡ್‌ನೋರು ದ ಹೂ (The Who) ಬ್ಯಾಂಡ್‌ನ ಬೇಸ್ ವಾದಕ ಜಾನ್ ಎಂಟ್ವಿಸಲ್ ಜೊತೆ ಕೂತು ರೌಂಡ್‌ವೌಂಡ್ ಮಾಡಿದ್ದೂ ಇದೇ ಥರದ ಸೌಂಡ್‌ಗೆ. ಬೆರಳಲ್ಲೇ ನುಡಿಸ್ತೀರಾ, ಕಿಕ್ ಡ್ರಮ್ ಜೊತೆ ಬೆರೆತು ಹಾಡಿನ ಬುಡದಲ್ಲಿ ಇರೋದೇ ಇಷ್ಟ ಅಂದ್ರೆ ಕಣ್ಮುಚ್ಕೊಂಡು ಫ್ಲಾಟ್ ಹಾಕಿ. ಹಾಗಂತ ಫ್ಲಾಟ್ ಅಂದ್ರೆ ಬರೀ ಜಾಝ್, ಹಳೇ ಸೋಲ್ ಅನ್ಕೋಬೇಡಿ, ಹೆವಿ ಮೆಟಲ್ ಬ್ಯಾಂಡ್ ಐರನ್ ಮೇಡನ್‌ನ ಸ್ಟೀವ್ ಹ್ಯಾರಿಸ್ ಅಷ್ಟು ಕಟಕಟ ಅನ್ನಿಸೋದು ಫ್ಲಾಟ್ ಮೇಲೇನೇ!

ಫ್ರೆಟ್‌ಲೆಸ್ ಬೇಸ್ (ನೆಕ್ ಮೇಲೆ ಫ್ರೆಟ್ ಅನ್ನೋ ಲೋಹದ ಅಡ್ಡಪಟ್ಟಿ ಇಲ್ಲದ್ದು) ಇದ್ರೆ ಇನ್ನೊಂದು ಲೆಕ್ಕ. ರೌಂಡ್, ಅದರಲ್ಲೂ ಸ್ಟೇನ್‌ಲೆಸ್ ಸ್ಟೀಲ್, ಫಿಂಗರ್‌ಬೋರ್ಡ್ ಮರಾನ ಅರದ ಥರ ತಿನ್ನುತ್ತೆ, ಫ್ರೆಟ್‌ಲೆಸ್‌ಗೆ ಹೆಸರಾದ ಜಾಕೋ ಪಾಸ್ಟೋರಿಯಸ್ ರೌಂಡ್ ಹಾಕಿದ್ರೂ ಮರದ ಮೇಲೆ ಎಪಾಕ್ಸಿ ಅನ್ನೋ ಗಟ್ಟಿ ಲೇಪ ಬಳಿದಿದ್ರು. ಫ್ರೆಟ್ ಇರೋ ಬೇಸ್‌ಗೆ ನಿಕಲ್ ಲೇಪದ ರೌಂಡ್ ಹಾಕಿದ್ರೆ ಸವೆತ ಸ್ವಲ್ಪ ಕಮ್ಮಿ.

ಈಗ ಬದಲಾಯಿಸೋ ಕೆಲಸ, ಇಲ್ಲೇ ಜಾಸ್ತಿ ಜನ ಎಡವೋದು. ಪ್ಯಾಕೆಟ್ ಮೇಲೆ 45ರಿಂದ 105 ಅಂತ ಒಂದೇ ಗೇಜ್ (ತಂತಿಯ ದಪ್ಪ) ಇದ್ರೂ ಫ್ಲಾಟ್ ಸಾಮಾನ್ಯವಾಗಿ ಬಿಗಿ ಜಾಸ್ತಿ, ನೆಕ್ ಮುಂದಕ್ಕೆ ಬಾಗಿ ಆಕ್ಷನ್ (ತಂತಿಯ ಎತ್ತರ) ಮೇಲೆ ಬರುತ್ತೆ, ಆಗ ನೆಕ್ ಒಳಗಿರೋ ಲೋಹದ ಕಂಬಿ, ಅಂದ್ರೆ ಟ್ರಸ್ ರಾಡ್, ಕಾಲು ಸುತ್ತು ಬಿಗಿ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ನೋಡಿ, ಒಂದೇ ಸಲ ಜಾಸ್ತಿ ತಿರುಗಿಸ್ಬೇಡಿ. ಥೋಮಾಸ್ಟಿಕ್ ಕಂಪನಿಯ ಜಾಝ್ ಫ್ಲಾಟ್ ಮಾತ್ರ ಇದಕ್ಕೆ ಉಲ್ಟಾ, ತುಂಬಾ ಮೆದು, ಅದಕ್ಕೆ ರಾಡ್ ಸಡಿಲ ಮಾಡ್ಬೇಕಾಗ್ಬಹುದು. ತಂತಿಯ ತುದಿಗೆ ಸುತ್ತಿರೋ ರೇಷ್ಮೆ ದಾರ ನಟ್ (ನೆಕ್ ತುದಿಯಲ್ಲಿ ತಂತಿ ಕೂರೋ ಪಟ್ಟಿ) ಮೇಲೆ ಬರದ ಹಾಗೆ ಸ್ಕೇಲ್ ಉದ್ದ (ನಟ್‌ನಿಂದ ಬ್ರಿಡ್ಜ್ ತನಕ ತಂತಿಯ ಉದ್ದ) ನೋಡ್ಕೊಂಡು ತಗೊಳ್ಳಿ, ಕತ್ತರಿಸೋ ಜಾಗದ ಹಿಂದೆ ಮೊದಲು ತಂತಿನ ಚೂಪಾಗಿ ಮಡಚಿ ಆಮೇಲೆ ಕತ್ತರಿಸಿ, ಇಲ್ಲಾಂದ್ರೆ ಸುತ್ತು ಬಿಚ್ಕೊಂಡು ತಂತಿ ಅಲ್ಲೇ ಸತ್ತ ಹಾಗೆ. ಬಾಡಿ ಹಿಂದಿಂದ ತಂತಿ ಪೋಣಿಸೋ ಬೇಸ್ ಆದ್ರೆ ತಯಾರಕರು ಆ ಫ್ಲಾಟ್‌ಗೆ ಒಪ್ತಾರಾ ಅಂತ ಮೊದಲೇ ನೋಡಿ, ಆ ಚೂಪು ತಿರುವು ಕೆಲವು ಸೆಟ್‌ಗೆ ಆಗಲ್ಲ. ಕೊನೆಗೆ ಇಂಟೋನೇಶನ್ (ನೆಕ್ ಉದ್ದಕ್ಕೂ ಎಲ್ಲಿ ಒತ್ತಿದ್ರೂ ಶ್ರುತಿ ಸರಿ ಇರೋದು) ಮತ್ತೆ ಸೆಟ್ ಮಾಡಿ.

ಎರಡೂ ಮನಸ್ಸಿಗೆ ಬರ್ತಿಲ್ಲ ಅಂದ್ರೆ ಹಾಫ್‌ವೌಂಡ್ ಇದೆ (ಗುಂಡು ತಂತಿ ಸುತ್ತಿ ಮೇಲ್ಭಾಗ ಉಜ್ಜಿ ಚಪ್ಪಟೆ ಮಾಡಿದ್ದು), ಆದ್ರೆ ನಾನು ಅದನ್ನ ಹೇಳೋಕೆ ಮುಂಚೆ ಫ್ಲಾಟ್‌ಗೆ ಪೂರ್ತಿ ಒಂದು ತಿಂಗಳು ಕೊಡಿ ಅಂತೀನಿ, ಮೊದಲ ವಾರದ ಸದ್ದು ಕೇಳಿ ಬಿಚ್ಚಿ ಹಾಕ್ಬೇಡಿ. ಬಿಚ್ಚಲೇಬೇಕು ಅಂದ್ರೂ ಸುತ್ತಿ ಎತ್ತಿಡಿ, ಅದೇ ಬೇಸ್‌ಗೆ ಮತ್ತೆ ಹಾಕ್ಬಹುದು.